ಗೋಕಿಲಾಳ ಕೈಬರಹ

ಕರುಮತ್ತಂಪಟ್ಟಿಯ ನೇಕಾರರ ಬೀದಿಯಲ್ಲಿ ಮದುವೆ ಪತ್ರಿಕೆಯನ್ನು ಎಷ್ಟು ಬೇಕಾದರೂ ಮಿರುಗಿಸಿ ಅಚ್ಚು ಹಾಕಿಸಬಹುದು. ಕವರಿನ ಮೇಲಿನ ಹೆಸರನ್ನು ಮಾತ್ರ ಕೈಯಲ್ಲೇ ಬರೆಯಬೇಕು. ಅಚ್ಚಾದ ಹೆಸರು ಕಂಡರೆ ನೆಂಟರು ಮುಖ ಊದಿಸಿಕೊಳ್ಳುತ್ತಾರೆ. ಆ ಬೀದಿಯವರು ಮನೆಯಲ್ಲಾಡುವುದು ಕನ್ನಡ, ಬರೆಯುವುದೆಲ್ಲ ತಮಿಳು. ಆ ತಮಿಳನ್ನು ಗೋಕಿಲಾಳಷ್ಟು ಚೆಂದವಾಗಿ ಬರೆಯುವವರು ಇನ್ನೊಬ್ಬರಿಲ್ಲ. ಹೀಗಾಗಿ ಅವಳ ಹತ್ತನೇ ತರಗತಿಯಿಂದಲೂ ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ನೋಯುತ್ತಿದ್ದುದು ಅವಳ ಮಣಿಕಟ್ಟು. ಮನೆಯ ಹಿರಿಯರು ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಹೇಳಬೇಕು, ಇವಳು ಬರೆಯಬೇಕು. ನಡುವೆ ಅವರ ಹಳೇ ಜಗಳಗಳ ಪುರಾಣ ಬೇರೆ.

ಗೋಕಿಲಾಳೋ ಕೂತಲ್ಲಿ ಕೂರುವ ಹೆಂಗಸಲ್ಲ. ಈಗ ಮೂವತ್ನಾಲ್ಕು, ದಿನವೂ ತಿರುಪ್ಪೂರಿನ ಬಸ್ಸು ಹತ್ತಿ, ಮಕ್ಕಳ ಬನಿಯನ್ನುಗಳ ಮೇಲಿನ ಚಿತ್ರ, ಅಕ್ಷರ ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ತೆಳುಗೆರೆ ಬಟ್ಟೆಯ ಮೇಲೆ ನಿಲ್ಲುವುದಿಲ್ಲ, ದಪ್ಪ ಮಾಡು ಎಂದು ಅಲ್ಲಿ ಸದಾ ತಕರಾರು. ಕುಂಬಳಕಾಯಿಯಂಥ ಅಕ್ಷರ ಬಿಡಿಸಿ ಬಿಡಿಸಿ ರೋಸಿಹೋದವಳು ತನ್ನ ಕೈಬರಹವನ್ನೇ ಫಾಂಟ್ ಮಾಡುವ ಹುಚ್ಚು ಹತ್ತಿಸಿಕೊಂಡಳು. ಪ್ರತಿ ಅಕ್ಷರವನ್ನೂ ಬಾಲ್‌ಪೆನ್ನಿನಲ್ಲಿ ಮೂವತ್ತು ಸಲ ಬರೆದು, ಚೆನ್ನಾಗಿ ಬಂದ ಮೂರನ್ನು ಆರಿಸಿ, ಕಂಪ್ಯೂಟರಿಗೆ ಏರಿಸಿ ಅಂಚು ತಿದ್ದಿದಳು. ಮೂರು ಯಾಕೆಂದರೆ, ಮನುಷ್ಯರ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ಥರ ಬರೆಯುವುದಿಲ್ಲ. ಎಂಟು ತಿಂಗಳು ಹಿಡಿಯಿತು. ತಮಿಳಿನ ‘ರಿ’ ಅಕ್ಷರದ ತಲೆಯ ಕೊಂಡಿ ಕೂದಲೆಳೆಯಷ್ಟು ತೆಳ್ಳಗೆ ಬಂದ ದಿನ ಅವಳು ಊಟ ಮರೆತು ಅದನ್ನೇ ನೋಡುತ್ತ ಕುಳಿತಳು.

ಅಲ್ಲಿಂದ ಎರಡು ವರ್ಷ ಅವಳು ಪೆನ್ನು ಹಿಡಿದದ್ದು ಸಹಿ ಹಾಕಲು ಮಾತ್ರ. ಬೀದಿಯ ಕವರುಗಳೆಲ್ಲ ನೀಲಿ ಶಾಯಿಯಲ್ಲಿ ಪ್ರಿಂಟರಿನಿಂದ ಬಂದವು. ಹಿರಿಯರಿಂದ ಹೆಸರಿನ ಪಟ್ಟಿ ಮಾತ್ರ ತರಿಸಿಕೊಳ್ಳುತ್ತಿದ್ದಳು, ಹಾಗಾಗಿ ಒಬ್ಬರಿಗೂ ಗೊತ್ತಾಗಲಿಲ್ಲ. ಜನ ಹೊಗಳಿದಷ್ಟೂ ಅವಳಿಗೆ ಒಳಗೊಳಗೇ ತಳಮಳ: ಹೇಳಿಕೊಳ್ಳುವ ಆಸೆ, ಹೇಳಿದರೆ ಮಾನ ಹೋಗುವ ಭಯ.

ಚಿಕ್ಕಮ್ಮ ರಾಜಾಮಣಿಯ ಮಗಳು ನಿವೇತಾಳ ಮದುವೆ ಬಂತು. “ಪಟ್ಟಿ ನನ್ ಹತ್ರಾನೇ ಇದೆ ಚಿಕ್ಕಮ್ಮ, ನೀವು ಕೂರೋದು ಬೇಡ” ಎಂದು ಹೋದ ವರ್ಷದ ಹೆಸರುಗಳನ್ನೇ ಹಾಕಿ, ಆರುನೂರು ಕವರನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದಳು. ಕವರುಗಳು ಅರಿಶಿನ ಹಚ್ಚಿಸಿಕೊಂಡು ಮನೆಮನೆಗೆ ಹೋದವು.

ನಾಲ್ಕನೇ ದಿನ ರಾಜಾಮಣಿ ಓಡುತ್ತ ಬಂದಳು.

“ಕಮಲಾತಾಳ್ ಮನೆ ಕವರಲ್ಲಿ ಯಾರ ಹೆಸ್ರು ಬರ್ದೆ ನನ್ ಕಣ್ಣೇ? ವೆಲ್ಲಿಂಗಿರಿ ಮಾವಂದಂತೆ. ಅವ್ರು ಹೋಗಿ ಆರು ತಿಂಗ್ಳಾಯ್ತು.”

ಆ ಸಾವಿನ ಮನೆಯಲ್ಲಿ ಅವರ ಹೆಂಡತಿ ಕಮಲಾತಾಳ್ ಅತ್ತೆಯನ್ನು ತಬ್ಬಿ ಅತ್ತವಳು ಗೋಕಿಲಾಳೇ. ಮರುದಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋದಳು. ನಾನೇ ಬರೆದದ್ದು ಎಂದರೆ ಕಲ್ಲೆದೆಯವಳು. ಮಿಷಿನ್ ಬರೆದದ್ದು ಎಂದರೆ ಆರುನೂರು ಮನೆಯ ಮುಂದೆ ಚಿಕ್ಕಮ್ಮನ ಮರ್ಯಾದೆ ಮೂರು ಕಾಸು. ಭಾನುವಾರದವರೆಗೆ ಹೀಗೇ ಒದ್ದಾಡಿ, ಆದದ್ದಾಗಲಿ, ನಿಜ ಹೇಳಿಬಿಡುತ್ತೇನೆ ಎಂದು ಹೊರಟಳು.

ಕಮಲಾತಾಳ್ ಜಗಲಿಯಲ್ಲಿ ಕೂತು ನೂಲು ಸುತ್ತುತ್ತಿದ್ದಳು.

“ಅತ್ತೆ, ಆ ಕವರು…”

“ಬಾ ಸಾಮಿ, ಕೂತ್ಕೋ” ಎಂದು ಮುದುಕಿ ಒಳಗೆ ಕರೆದಳು. ಕವರು ದೇವರ ಗೂಡಿನಲ್ಲಿ ಹೂವಿನ ಪಕ್ಕದಲ್ಲಿತ್ತು. “ಅವ್ರು ಹೋದ್ಮೇಲೆ ಬಂದ ಪತ್ರಿಕೆ ಎಲ್ಲಾ ಮಗನ್ ಹೆಸರಿಗೇ. ಎಲ್ಲಾರೂ ಅವ್ರ ಹೆಸ್ರು ಹೊಡ್ದು ಹಾಕ್ಬಿಟ್ರು. ನಿನ್ ಕೈಗೆ ಮಾತ್ರ ಮನ್ಸು ಬರ್ಲಿಲ್ಲ.”

ಬೈದಿದ್ದರೆ ನಿಜ ಹೇಳುವುದು ಸುಲಭವಿತ್ತು. ಈ ಪ್ರೀತಿಯ ಮುಂದೆ ಗೋಕಿಲಾಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಅವ್ರ ಪಟದ್ ಕೆಳ್ಗೆ ಹೆಸ್ರೇ ಇಲ್ಲ” ಎಂದು ಮುದುಕಿ ಒಂದು ಬಿಳಿ ಕಾಗದ, ಪೆನ್ನು ತಂದಳು. “ಹಿಂಗೇ ಒಂದ್ಸಲ ಬರ್ದು ಕೊಡು. ಅಂಟಿಸ್ತೀನಿ.”

ಗೋಕಿಲಾ ಪೆನ್ನು ಹಿಡಿದಳು. ಎರಡು ವರ್ಷ ಬರೆಯದ ಬೆರಳು ಮಾತು ಕೇಳಲಿಲ್ಲ. ಮೊದಲಕ್ಷರ ದೊಡ್ಡದಾಯಿತು, ಎರಡನೆಯದು ಅದಕ್ಕೆ ಡಿಕ್ಕಿ ಹೊಡೆಯಿತು, ‘ರಿ’ಯ ಕೊಂಡಿ ಎತ್ತಲೋ ಜಾರಿತು. ಇನ್ನೊಂದು ಹಾಳೆ ಕೇಳಿ ಬರೆದಳು, ಅದೂ ಅಷ್ಟೇ.

ಕಮಲಾತಾಳ್‌ಗೆ ಓದು ಬಾರದು, ಕವರಿನ ಹೆಸರನ್ನೂ ಮಗನೇ ಓದಿ ಹೇಳಿದ್ದ. ಆದರೆ ಸೀರೆಯಗಲದಲ್ಲಿ ಒಂದೆಳೆ ತಪ್ಪಿದರೂ ಹಿಡಿಯುತ್ತಿದ್ದ ಕಣ್ಣು. ಕವರನ್ನೂ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು.

“ಇದು ಯಾರೋ ಬೇರೆಯವ್ರು ಬರ್ದಂಗಿದೆ ಕಣ್ಣು. ಅವತ್ತು ಮನಸ್ಸಿಟ್ಟು ಬರ್ದಿದ್ದೆ. ಇವತ್ತು ಏನೋ ಅವಸರದಲ್ಲಿದೀಯ. ಪರವಾಯಿಲ್ಲ, ಇನ್ನೊಂದಿನ ಬಾ.”

“ಬರ್ತೀನಿ ಅತ್ತೆ” ಎಂದಳು ಗೋಕಿಲಾ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರ್ ಹಚ್ಚಿ, ವೆಲ್ಲಿಂಗಿರಿ ಎಂದು ತನ್ನ ಫಾಂಟಿನಲ್ಲಿ ಹೊಡೆದು, ದೊಡ್ಡದು ಮಾಡಿ ಅಚ್ಚು ತೆಗೆದಳು. ಅದರ ಮೇಲೊಂದು ತೆಳು ಕಾಗದ ಹಾಸಿದಳು. ಬಾಲ್‌ಪೆನ್ನು ಹಿಡಿದು, ಅಕ್ಷರ ಕಲಿಯುವ ಮಗುವಿನ ಹಾಗೆ, ತನ್ನದೇ ಗೆರೆಗಳ ಮೇಲೆ ತಿದ್ದತೊಡಗಿದಳು.