ನಿನ್ನೆಯೂ ಕಲ್, ನಾಳೆಯೂ ಕಲ್

ಹಿಂದಿಯಲ್ಲಿ ಹೀಗೆಂದು ನನಗೆ ಮೊದಲು ಹೇಳಿದವಳು ನಮ್ಮವ್ವ, ಮುಂಬೈ ಹತ್ತಿರದ ವಿಠ್ಠಲವಾಡಿಯಲ್ಲಿ ನಾವಿದ್ದ ಒಂದೇ ಕೋಣೆಯ ಖೋಲಿಯಲ್ಲಿ ಒಂದು ಸಂಜೆ ರೊಟ್ಟಿ ಬಡಿಯುತ್ತಾ. ಇವತ್ತು ಎದುರು ಮನೆಯಿಂದ ಹಸಿ ಸಿಮೆಂಟಿನ ವಾಸನೆ ಬಂದಾಗ ಅವಳ ದನಿಯೇ ಕೇಳಿಸಿತು.

ಅವ್ವ ಘೋಡಬಂದರ್ ರಸ್ತೆಯ ಕಟ್ಟಡವೊಂದರಲ್ಲಿ ಹೊಸ ಸ್ಲ್ಯಾಬು ಗಟ್ಟಿಯಾಗಲೆಂದು ದಿನವೂ ನೀರು ಹೊಡೆಯುತ್ತಿದ್ದಳು. ಟ್ಯಾಂಕರ್ ಬಾರದೆ ಸ್ಲ್ಯಾಬು ಮೂರು ದಿನದಿಂದ ಒಣಗಿತ್ತು. ಹೊಸ ಸೂಪರ್‌ವೈಜರ್ ಬಂದು, "ಕಲ್ ಪಾನಿ ಮಾರಾ?" ಎಂದು ಕೇಳಿದ.

"ನಾಳೆ ಹೊಡಿತೀಯಾ ಅಂದಾನಂತ ತಿಳದು ಹೂಂ ಅಂದೆ. ನಿನ್ನಿಗೂ ಕಲ್ ಅಂತಾರಂತ, ನಿನ್ನಿ ಹೊಡದಿ ಏನಂತ ಕೇಳ್ಯಾನಂತ, ಬರುವಾಗ ಗಾಡ್ಯಾಗ ಜೋಡಿದಾಕಿ ಹೇಳಿದ್ಲು. ನೀರು ಕುಡದದ ಅಂತ ತಿಳದು ಮುಂಜಾನೆ ಸ್ಲ್ಯಾಬಿನ ಕೆಳಗಿನ ಆಸರದ ಕಟಗಿ ತೆಗೀತಾರ, ಒಣಗಿದ್ದು ಕುಸದು ಬೀಳ್ತದ," ಎಂದಳು ಅವ್ವ.

"ಹಿಂದಿ ಬರದಾಕಿ ಹೂಂ ಯಾಕ ಅಂದಿ? ಈಗ ಸುಮ್ಮಿರು. ಹೇಳಿದ್ರ ಕೆಲಸಾ ಹೋಗ್ತದ," ಎಂದ ಅಪ್ಪ.

"ಅದರ ಕೆಳಗ ನಮ್ಮ ಜೋಡಿ ಕೆಲಸಾ ಮಾಡೋ ಶಾಂತಾ ಕೂಸಿನ ಜೋಳಿಗಿ ಕಟ್ತಾಳ."

ಹೆಂಚಿನ ಮೇಲೆ ರೊಟ್ಟಿ ಕರಕಾಯಿತು; ತಿರುವಿ ಹಾಕಲು ಯಾರಿಗೂ ನೆನಪಾಗಲಿಲ್ಲ. ನಾನೂ ಅಕ್ಕನೂ ಅಪ್ಪನ ಮುಖವನ್ನೇ ನೋಡುತ್ತಾ ಕೂತೆವು.

ಮರುದಿನ ಬೆಳಿಗ್ಗೆ ಅಪ್ಪ ತನ್ನ ಹಮಾಲಿಗೆ ಹೋಗಲಿಲ್ಲ. ಅವ್ವನಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ಲಗೂ ನಡಿ, ಕಟಗಿ ತೆಗದಾರು. ನೀರು ಹೊಡದಿಲ್ಲ ಅಂತ ಹಿಂದ್ಯಾಗ ನಾ ಹೇಳ್ತೀನಿ," ಎಂದ.