ಡೈರಿ ಮೈಕು ಕೂಗಿದ ಬೆಳಿಗ್ಗೆ

ದೇವನಹಳ್ಳಿ ಕಡೆ ಒಂದೂರಲ್ಲಿ ನಾನು ನರ್ಸು. ಹೆಣ್ಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ ಬಂದಾಗ, ಹಾಲಿನ ಡೈರಿ ಮೈಕಲ್ಲಿ ಊರಿಗೆಲ್ಲ ಕೂಗಿಸಿದೆ. ಆ ಮೈಕು ಕೂಗಿದರೆ ಅದು ಹಸುವಿನ ವಿಷಯವೇ ಅಂತ ಊರ ಲೆಕ್ಕ, ಪೂರ್ತಿ ಕೇಳೋರು ಯಾರೂ ಇಲ್ಲ; 'ಲಸಿಕೆ, ಆಸ್ಪತ್ರೆ ಹತ್ರ' ಅನ್ನೋದಷ್ಟೇ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಆಸ್ಪತ್ರೆ ಮುಂದೆ ಸಾಲಾಗಿ ಸೀಮೆಹಸುಗಳು!

ನಗು ತಡ್ಕೊಂಡು ವಿಷಯ ಹೇಳಿದೆ. ಒಬ್ಬಾಕೆ ಹದಿನಾಲ್ಕರ ಮಗಳ ಕೈ ಹಿಡಿದು ಹೊರಟೇಬಿಟ್ಟಳು. "ಮುಂದೆ ಮದುವೆ, ಮಕ್ಕಳು ಅಂತ ಆಗ್ಬೇಕಾದೋಳು, ನಂಗೆ ಭಯ ಸಿಸ್ಟರ್."

ಅವಳ ಅತ್ತೆ ಹಸುವಿನ ಹಗ್ಗ ಬಿಡದೇ ಗದರಿದರು. "ನಿಂತ್ಕೊಳ್ಳೇ. ನಮ್ಮಕ್ಕ ಇದೇ ಕಾಯಿಲೇಲಿ ನರಳಿ ನರಳಿ ಹೋದ್ಲು. ಹಸುಗಾದ್ರೆ ಕಾಯಿಲೆ ಬರೋಕ್ಮುಂಚೆ ಸೂಜಿ ಹಾಕಿಸ್ತೀಯ, ಮಗಳಿಗೆ ಬೇಡ್ವಾ?"

ಆಕೆ ನಿಂತಳು. ಹುಡುಗಿ ತಾನೇ ತೋಳು ಚಾಚಿದಳು. ಆಮೇಲೆ ಮಿಕ್ಕವರೂ ಮನೆಯಿಂದ ಹೆಣ್ಮಕ್ಕಳನ್ನ ಕರ್ಕೊಂಡು ಒಬ್ಬರ ಹಿಂದೆ ಒಬ್ಬರು ಬಂದರು ನೋಡಿ, ಖುಷಿಗೆ ನಾನು ತಿಂಡಿ ತಿನ್ನೋದನ್ನೇ ಮರೆತೆ. ಮೂವತ್ತು ದಾಟಿದವರಿಗೆ ಮಾಡೋ ಇದೇ ಕಾಯಿಲೆ ತಪಾಸಣೆಗೆ ಅಂತ ಆ ತಾಯಿಯೂ ಒಳಗೆ ಬಂದಳು.

ಪಕ್ಕದೂರಲ್ಲೂ ಡೈರಿ ಮೈಕಲ್ಲೇ ಕೂಗಿಸ್ತೀನಿ. ಹಸು ಬಂದರೆ ಬರಲಿ, ಹಗ್ಗ ಹಿಡ್ಕೊಂಡು ಬರೋರು ಹೆಂಗಸರೇ ತಾನೆ.