ಬಲಗೈಗೆ ಎರಡು ಬಿದಿರುಕಡ್ಡಿ

ಮೊದಲು ಹುಕ್ಕು ಹೋಯಿತು. ಖಾನಾಪುರದ ಮನೆಯಲ್ಲಿ ಸ್ನಾನ ಮುಗಿಸಿ ಜಂಪರ ಹಾಕಿಕೊಳ್ಳುತ್ತಿದ್ದೆ. ಬಲಗೈ ಬೆರಳು ಹುಕ್ಕನ್ನು ಹಿಡಿಯಲಿಲ್ಲ. ಚಳಿಗೆ ಜೋಮು ಹಿಡಿದಿರಬೇಕೆಂದು ಝಾಡಿಸಿದೆ. ಹಿರಿಯ ನೆಗೆಣ್ಣಿ ಗಂಗವ್ವನನ್ನು ಕೂಗಿದೆ. ಆಗಲೇ ಬಾಯಿ ಸೊಟ್ಟ ಆಗಿತ್ತಂತೆ, ನನಗೆ ಗೊತ್ತಾಗಲಿಲ್ಲ.

ಬೆಳಗಾವಿಯಲ್ಲಿ ಸ್ಕ್ಯಾನ್ ಮಾಡಿ ಸ್ಟ್ರೋಕ್ ಎಂದರು.

ಬಾಯಿ ನೆಟ್ಟಗಾಯಿತು. ಕಾಲು ಎಳೆದುಕೊಂಡು ನಡೆದೆ. ಬಲಗೈ ಮಾತ್ರ ಮುಷ್ಟಿ ಬಿಚ್ಚಲಿಲ್ಲ. ಬೆಳಗಾವಿಯ ಖಾಸಬಾಗದಲ್ಲಿರುವ ಮಗಳು ರೇಣುಕಾ ತನ್ನ ಮನೆಗೆ ಕರೆದೊಯ್ದಳು. ದಿನಾ ಕೆಲಸಕ್ಕೆ ಹೋಗುವ ಗಡಿಬಿಡಿಯಲ್ಲಿ ನನ್ನ ಐದೂ ಹುಕ್ಕು ಅವಳೇ ಹಾಕಬೇಕು. ನಾನು ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ಹುಕ್ಕು ನಾನೇ ಹಾಕುವ ತನಕ ಖಾನಾಪುರಕ್ಕೆ ಹೋಗುವುದಿಲ್ಲವೆಂದೆ. ಗಂಗವ್ವನ ಮುಂದೆ ಕೂಸಿನ ಹಾಗೆ ನಿಲ್ಲುವುದು ನನ್ನಿಂದಾಗದು.

ಫಿಸಿಯೋಥೆರಪಿಯ ಹುಡುಗಿ ಹಿಚುಕಲು ಚೆಂಡು ಕೊಟ್ಟಳು. ಎರಡು ದಿನಕ್ಕೆ ಬೇಸರ ಬಂತು. ಹಾಗಾದರೆ ಎರಡೂ ಕೈಯ ಕೆಲಸ ಏನಾದರೂ ಹಿಡಿಯಿರಿ ಅಜ್ಜಿ, ಎಂದಳು. ಕೌದಿ ಹೊಲಿಯಲು ಸೂಜಿ ನಿಲ್ಲದು. ಅಳಿಯನ ಮೊಣಕೈ ಹರಿದ ಸ್ವೆಟರ್ ಕಣ್ಣಿಗೆ ಬಿತ್ತು. ಬಿಚ್ಚಿ, ನೂಲು ತೊಯಿಸಿ, ಒಣಗಿಸಿ ಉಂಡೆ ಸುತ್ತಿದೆ. ಮೈಮೇಲಿನ ಅಂಗಿಯನ್ನಾದರೂ ಬಿಡಿರೆಂದು ಅಳಿಯ ನಕ್ಕ. ಬಟ್ಟೆ ಒಣಹಾಕುವ ಬಿದಿರು ಸೀಳಿತ್ತು. ಅದರಲ್ಲೇ ಎರಡು ಕಡ್ಡಿ ಕೆತ್ತಿಕೊಟ್ಟ. ನಾನು ಕಲ್ಲಿಗೆ ಉಜ್ಜಿ ನುಣುಪು ಮಾಡಿದೆ.

ಮೊಬೈಲಿನಲ್ಲಿ ಹೆಣಿಗೆ ಕಲಿಸುವ ವಿಡಿಯೋದವಳು ಹಿಂದಿ ಮಾತಾಡುತ್ತಿದ್ದಳು. ಅವಳ ಕೈ ಮಾತ್ರ ನೋಡಿದೆ. ಕುಣಿಕೆಗೆ ಕಡ್ಡಿ ತೂರಿಸಿ, ನೂಲು ಸುತ್ತಿ, ಹೊರಗೆಳೆಯಬೇಕು. ಇಷ್ಟೇ.

ಮೂರನೇ ಸಾಲಿಗೆ ಕಡ್ಡಿ ತೂರಲೇ ಇಲ್ಲ. ಒಂದೊಂದು ಕುಣಿಕೆಗೂ ನೂಲು ಜಗ್ಗಿ ಬಿಗಿದಿದ್ದೆ. ಕೌದಿಯ ಹೊಲಿಗೆ ಸಡಿಲಾದರೆ ಮಲಗಿದವರ ಕಾಲುಬೆರಳು ಸಿಕ್ಕಿ ಹರಿಯುತ್ತದೆ. ಅದು ನನ್ನವ್ವ ಹೊಡೆದು ಕಲಿಸಿದ ಪಾಠ.

"ಯವ್ವಾ, ಇದು ಕೌದಿ ಅಲ್ಲ. ಎಷ್ಟು ಜಗ್ಗತೀದಿ?" ಎಂದಳು ರೇಣುಕಾ.

"ಸಡಲ ಬಿಟ್ಟರ ಬಿಚ್ಚತೈತಿ."

"ಬಿಚ್ಚಿದರ ಮತ್ತ ಹಾಕು. ನಿನಗೇನು ಬಸ್ ತಪ್ಪತೈತೇನು?"

ಸಿಟ್ಟು ಬಂತು. ಎಲ್ಲ ಬಿಚ್ಚಿದೆ. ಮುಷ್ಟಿಗೆ ಶಕ್ತಿ ಬಂದಿದೆ, ಬಿಡುವುದು ಬಂದಿಲ್ಲ ಎಂದು ಫಿಸಿಯೋ ಹುಡುಗಿಯೂ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಂದಿನಿಂದ ಒಂದು ಕುಣಿಕೆ ಹಾಕಿದರೆ ಒಂದು ಸಲ ಬೆರಳು ಬಿಡಿಸುವುದು, ಅದೂ ಎಡಗೈಯಿಂದ ಒಂದೊಂದೇ ಎತ್ತಿ. ಮಳೆ ಹಿಡಿಯುವ ಹೊತ್ತಿಗೆ ಹೆಬ್ಬೆರಳು ತಾನಾಗಿ ತೆರೆಯಿತು. ಗೇಣಗಲದ ಪಟ್ಟಿ ಬೆಳೆದಿತ್ತು. ಎರಡೂ ಅಂಚು ಸೊಟ್ಟ, ನಡುವೆ ತೂತು. ಕೊರಳಿಗೂ ಆಗದು, ಕಾಲಿಗೂ ಆಗದು.

ಕಳೆದ ವಾರ ಖಾನಾಪುರಕ್ಕೆ ಬಂದೆ. ಕೆಳಗಿನ ಮೂರು ಹುಕ್ಕು ನಾನೇ ಹಾಕುತ್ತೇನೆ. ಮೇಲಿನ ಎರಡು ಆಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು.

"ಮೂರು ಹುಕ್ಕಿಗೆ ಆರು ತಿಂಗಳು ಬೇಕಾತೇನ ನಿನಗ?" ಎಂದಳು ಗಂಗವ್ವ.

"ಇನ್ನೆರಡು ನೀ ಹಾಕು, ಅಕ್ಕಾ," ಎಂದೆ.

ಪಾತ್ರೆ ತೊಳೆದ ಕೈಯಲ್ಲೇ ಬಂದು ಹಾಕಿದಳು. ಕೈ ತಣ್ಣಗಿತ್ತು. ಬೈದೆ. ಆದರೂ ನಾನು ಹಿಂದೆ ಸರಿಯಲಿಲ್ಲ.